ಮೂರು ಮನೆಗೆ ಒಂದೇ ವೈಫೈ: ಬ್ರಿಡ್ಜಾ, ರೂಟಿಂಗಾ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳು ಗೊತ್ತಲ್ಲ, ಒಂದು ತೋಟದ ಈಚೆ, ಇನ್ನೊಂದು ಆಚೆ, ಮತ್ತೊಂದು ಗುಡ್ಡದ ಮೇಲೆ. ಫೈಬರ್ ಬರುವುದು ರಸ್ತೆ ಬದಿಯ ಮನೆಗೆ ಮಾತ್ರ. ಅಲ್ಲಿಂದ ಅಣ್ಣತಮ್ಮಂದಿರ ಮನೆಗೆ ಕೇಬಲ್ ಎಳೆದರೆ ಸಿಡಿಲಿಗೋ, ಬೀಳುವ ಅಡಿಕೆ ಮರಕ್ಕೋ ಬಲಿ. ಹಾಗಾಗಿ ಮಾಡಿನ ಮೇಲೆ ಎದುರುಬದುರಾಗಿ ಎರಡು 5 ಗಿಗಾಹರ್ಟ್ಸ್ ರೇಡಿಯೋ ಕೂರಿಸುತ್ತಾರೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ನಂತರ ಈ ಬ್ಯಾಂಡಿನ ಬಹುಪಾಲಿಗೆ, ಪವರ್ ಮಿತಿಯೊಳಗಿದ್ದರೆ, ಲೈಸನ್ಸೂ ಬೇಡ.

ಕೂರಿಸಲು ಬರುವ ಹುಡುಗರು ಏನೂ ಕೇಳುವುದಿಲ್ಲ. ಎಲ್ಲವನ್ನೂ ಬ್ರಿಡ್ಜ್ ಮಾಡಿ, ಅಂದರೆ ಒಂದೇ ನೆಟ್‌ವರ್ಕಾಗಿ ಜೋಡಿಸಿ, ಹೋಗುತ್ತಾರೆ. ನೆಟ್ ಬಂತು, ದುಡ್ಡು ಸಿಕ್ಕಿತು, ಮುಗಿಯಿತು. ನಾನು ಮಾತ್ರ ಹೇಳುವುದು ಹೀಗೆ: ಮನೆಯೊಳಗೆ ಬ್ರಿಡ್ಜ್ ಇರಲಿ, ಮನೆಮನೆಗಳ ನಡುವೆ ರೂಟಿಂಗ್ ಇರಲಿ, ಅಂದರೆ ಪ್ರತಿ ಮನೆಗೂ ಬೇರೆ ನೆಟ್‌ವರ್ಕ್, ನಡುವೆ ದಾರಿ ತೋರಿಸಲು ರೂಟರ್.

ಬ್ರಿಡ್ಜ್ ಮಾಡಿದರೆ ಮೂರು ಮನೆಯೂ ಒಂದೇ ನೆಟ್‌ವರ್ಕ್. ಒಂದೇ ರೂಟರ್ ಎಲ್ಲರಿಗೂ ಐಪಿ ವಿಳಾಸ ಹಂಚುತ್ತದೆ. ಒಂದು ಮನೆಯ ಬ್ರಾಡ್‌ಕಾಸ್ಟ್ ಎಲ್ಲ ಮನೆಗೂ ಹೋಗುತ್ತದೆ, ಅದು ಎಲ್ಲ ಸಾಧನಗಳಿಗೂ ಅಂತ ಕೂಗುವ ಸಂದೇಶ. ವೈಫೈಯಲ್ಲಿ ಬ್ರಾಡ್‌ಕಾಸ್ಟ್ ಹೋಗುವುದು ಕಡಿಮೆ ವೇಗದಲ್ಲಿ, ಅದರಿಂದ ಎಲ್ಲ ನಿಧಾನ ಅಂತ ಹೆದರಿಸುವವರಿದ್ದಾರೆ. ಸುಮ್ನೆ. ನಾಲ್ಕಾರು ಮೊಬೈಲ್, ಒಂದೆರಡು ಟೀವಿ, ಕ್ಯಾಮೆರಾಗಳಿಗೆ ಅದೇನೂ ಭಾರವಲ್ಲ.

ನನ್ನ ತಕರಾರು ವೇಗದ್ದಲ್ಲ. ಒಬ್ಬರ ಮನೆಯ ಎಡವಟ್ಟು ಎಲ್ಲರ ಮನೆಗೂ ಹೋಗುತ್ತದೆ, ಅದು. ಗುಡ್ಡದ ಮನೆಯಲ್ಲಿ ಯಾರೋ ಹಳೇ ರೂಟರ್ ತಂದು ಅದರ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳ ಕಿಂಡಿ) ಕೇಬಲ್ ಚುಚ್ಚಿದರು ಅನ್ನಿ. ಅದೂ ವಿಳಾಸ ಹಂಚಲು ಶುರು ಮಾಡುತ್ತದೆ, ನೆಟ್ಟಿಗೆ ದಾರಿ ತಾನೇ ಅನ್ನುತ್ತದೆ, ಅದರಲ್ಲಿ ನೆಟ್ಟೇ ಇಲ್ಲ. ಕೆಳಗಿನ ಮನೆಯ ಮೊಬೈಲಿನಲ್ಲಿ ವೈಫೈ ಫುಲ್, ನೆಟ್ ಮಾತ್ರ ಇಲ್ಲ. "ಭಾವಾ, ನಿಮ್ಮಲ್ಲಿ ಬರ್ತಾ ಇದೆಯಾ?" ಅಂತ ಫೋನು. ಯಾರು ಎಲ್ಲಿ ಏನು ಚುಚ್ಚಿದರು ಅಂತ ಹುಡುಕಲು ಗುಡ್ಡ ಹತ್ತಿ ಇಳಿಯಬೇಕು. ಕೇಬಲಿನ ಎರಡೂ ತುದಿ ಒಂದೇ ಸ್ವಿಚ್ಚಿಗೆ (ಹಲವು ಕೇಬಲ್ ಜೋಡಿಸುವ ಡಬ್ಬಿ) ಹೋದರಂತೂ ಪ್ಯಾಕೆಟ್‌ಗಳು ಸುತ್ತುತ್ತಲೇ ಇರುತ್ತವೆ. ಅಗ್ಗದ ಸ್ವಿಚ್‌ಗಳಿಗೆ ಅದನ್ನು ತಡೆಯಲು ಬರುವುದಿಲ್ಲ.

ಇನ್ನು ಆಟಿ ತಿಂಗಳ ಮಳೆ. ಒದ್ದೆ ಸೋಗೆ ಅಡ್ಡ ಬಂದರೆ ಲಿಂಕ್ ಹೋಗುತ್ತದೆ, ಅದು ಸಹಜ. ಆದರೆ ಬ್ರಿಡ್ಜ್ ಆಗಿದ್ದರೆ ವಿಳಾಸ ಹಂಚುವ ರೂಟರ್ ಆಚೆ ಮನೆಯಲ್ಲಿ. ಮೊಬೈಲ್ ಹೊಸದಾಗಿ ವೈಫೈ ಹಿಡಿದರೆ ಅದಕ್ಕೆ ವಿಳಾಸವೇ ಸಿಗದು. ನೆಟ್ ಇಲ್ಲದಿದ್ದರೆ ಹೋಗಲಿ, ಪಕ್ಕದ ಕೋಣೆಯ ಪ್ರಿಂಟರ್ ಕೂಡ ಸಿಗದಿದ್ದರೆ ಸಿಟ್ಟು ಬರುತ್ತದೆ, ಅಲ್ವಾ? ರೂಟಿಂಗಿನಲ್ಲಿ ಪ್ರತಿ ಮನೆಗೂ ಅದರದೇ ರೂಟರ್, ವಿಳಾಸಗಳ ಅದರದೇ ಸಾಲು: ಒಂದಕ್ಕೆ 192.168.1, ಮುಂದಿನದಕ್ಕೆ 192.168.2, ಹೀಗೆ. ಲಿಂಕ್ ಹೋದರೂ ಮನೆಯೊಳಗಿನದ್ದು ನಡೆಯುತ್ತದೆ.

ಜನ ಗೊಂದಲ ಮಾಡಿಕೊಳ್ಳುವುದು ರೇಡಿಯೋ ವಿಚಾರದಲ್ಲಿ. ಮಾಡಿನ ಮೇಲಿನ ಜೋಡಿ ಬ್ರಿಡ್ಜಾಗಿಯೇ ಇರಲಿ, ಅದು ಬರೀ ತಂತಿಯ ಹಾಗೆ. ಎರಡರಲ್ಲೂ ಡಬ್ಲ್ಯುಡಿಎಸ್ (ಹಿಂದಿನ ಸಾಧನಗಳ ವಿಳಾಸವನ್ನೂ ಹಾಗೇ ದಾಟಿಸುವ ಸೆಟ್ಟಿಂಗ್) ಆನ್ ಮಾಡಿ. ಮಾಮೂಲಿ ಕ್ಲೈಂಟ್ ಮೋಡಿನಲ್ಲಿ ವೈಫೈ ತನ್ನ ಹಿಂದಿರುವ ಸಾಧನಗಳ ಮ್ಯಾಕ್ ವಿಳಾಸ (ಪ್ರತಿ ಸಾಧನದ ಗುರುತಿನ ಸಂಖ್ಯೆ) ಸಾಗಿಸುವುದಿಲ್ಲ. ಡಬ್ಲ್ಯುಡಿಎಸ್ ಒಂದೊಂದು ಕಂಪೆನಿಯದು ಒಂದೊಂದು ಥರ, ಹಾಗಾಗಿ ಜೋಡಿ ಒಂದೇ ಕಂಪೆನಿಯದಿರಲಿ. ರೇಡಿಯೋದಿಂದ ಇಳಿದ ಕೇಬಲ್ ಆ ಮನೆಯ ರೂಟರಿನ ವ್ಯಾನ್ ಪೋರ್ಟಿಗೆ (ಹೊರಗಿನ ನೆಟ್ ಬರುವ ಕಿಂಡಿ). ರೂಟಿಂಗ್ ಆಗುವುದು ಅಲ್ಲಿ.

ರೂಟಿಂಗಿಗೂ ಖರ್ಚಿದೆ. ಒಂದು ಮನೆಯ ಮೊಬೈಲಿನಿಂದ ಇನ್ನೊಂದು ಮನೆಯ ಟೀವಿಗೆ ಕಾಸ್ಟ್ ಮಾಡಲು ಹೋದರೆ ಟೀವಿ ಕಾಣುವುದೇ ಇಲ್ಲ. ಆ ಹುಡುಕಾಟ ರೂಟರ್ ದಾಟದು. ಪ್ರಿಂಟರಿಗೆ ಸ್ಥಿರ ವಿಳಾಸ ಕೊಟ್ಟು, ಅದನ್ನೇ ಟೈಪ್ ಮಾಡಿ ಸೇರಿಸಬೇಕು. ರೂಟರುಗಳನ್ನು ಹಾಗೇ ಬಿಟ್ಟರೆ ನ್ಯಾಟ್ (ಮನೆಯ ಸಾಧನಗಳನ್ನೆಲ್ಲ ಒಂದೇ ವಿಳಾಸದ ಹಿಂದೆ ಅಡಗಿಸುವುದು) ಆನ್ ಇರುತ್ತದೆ: ಗುಡ್ಡದ ಮನೆಯಿಂದ ಮುಖ್ಯ ರೂಟರಿರುವ ರಸ್ತೆ ಬದಿಯ ಮನೆಯ ಪ್ರಿಂಟರ್ ಸಿಗುತ್ತದೆ, ಅಲ್ಲಿಂದ ಗುಡ್ಡದ ಮನೆಯ ಕ್ಯಾಮೆರಾ ಸಿಗದು. ಎರಡೂ ಕಡೆ ಬೇಕಾದರೆ ನ್ಯಾಟ್ ತೆಗೆದು, ಫೈರ್‌ವಾಲಿನಲ್ಲಿ ದಾರಿ ಬಿಟ್ಟು, ಮುಖ್ಯ ರೂಟರಿನಲ್ಲಿ ಸ್ಟ್ಯಾಟಿಕ್ ರೂಟ್ (ಯಾವ ಸಾಲಿಗೆ ಯಾವ ದಾರಿ ಅನ್ನುವ ಸೂಚನೆ) ಬರೆಯಬೇಕು. ಕೇಬಲ್‌ನವರು ಕೊಟ್ಟ ಡಬ್ಬಿಯಲ್ಲಿ ಅದಕ್ಕೆ ಅವಕಾಶ ಇಲ್ಲದಿದ್ದರೆ ಅದರ ಹಿಂದೆ ನಿಮ್ಮದೇ ಒಂದು ರೂಟರ್ ಇಡಿ.

ತೋಟದ ಪಂಪ್ ಶೆಡ್ಡಿಗೆ, ಅಡಿಕೆ ಅಂಗಳಕ್ಕೆ ಒಂದು ಕ್ಯಾಮೆರಾ ಮಾತ್ರ ಅಂತಾದರೆ ಇಷ್ಟೆಲ್ಲ ಬೇಡ, ಬ್ರಿಡ್ಜ್ ಸಾಕು. ಅಲ್ಲಿ ಹಳೇ ರೂಟರ್ ತಂದು ಚುಚ್ಚುವ ಭಾವ ಇಲ್ಲ.