ಗುಳೆ ಹೊರಟ ಬಸುರಿಯ ಹೆಸರು ಯಾವ ರಿಜಿಸ್ಟರಿನಲ್ಲಿದೆ?

ದಸರಾ ಮುಗಿಯುತ್ತಿದ್ದಂತೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ತಾಂಡಾಗಳು ಖಾಲಿಯಾಗತೊಡಗುತ್ತವೆ. ಕೆಲವರು ಗೋವಾಕ್ಕೆ, ಕೆಲವರು ಪುಣೆ, ಸಾಂಗ್ಲಿ, ಕೊಲ್ಹಾಪುರಕ್ಕೆ, ಇನ್ನು ಕೆಲವರು ನಮ್ಮದೇ ಅಥಣಿ, ರಾಯಬಾಗ, ಮುಧೋಳ, ಜಮಖಂಡಿಯ ಕಬ್ಬಿನ ಹೊಲಗಳಿಗೆ. ಅದೇ ಹೊತ್ತಿಗೆ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಟೋಳಿಗಳು (ತಂಡಗಳು) ಇತ್ತ ಬಂದಿಳಿಯುತ್ತವೆ. ಹೋಗುವವರಲ್ಲೂ ಬರುವವರಲ್ಲೂ ಬಸುರಿಯರು ಇದ್ದೇ ಇರುತ್ತಾರೆ. ಬಿಟ್ಟುಬಂದ ಊರಿನ ಆಶಾ ಕಾರ್ಯಕರ್ತೆ "ಊರಾಗಿಲ್ಲ" ಅಂತ ಬರೆದುಕೊಳ್ಳುತ್ತಾಳೆ, ಬಂದಿಳಿದ ಊರಿನವರು "ಇಕಿ ನಮ್ಮೂರಾಕಿ ಅಲ್ಲ" ಅಂತಾರೆ. ಎರಡೂ ಮಾತು ನಿಜ. ನಡುವೆ ಆರು ತಿಂಗಳು ಆ ಹೆಣ್ಣುಮಗಳ ಬಿಪಿ ನೋಡಿದವರು ಯಾರೂ ಇರುವುದಿಲ್ಲ.

ಇದಕ್ಕೆ "ಅವರಿಗೆ ತಿಳಿವಳಿಕೆ ಇಲ್ಲರೀ" ಎನ್ನುವ ಉತ್ತರ ಕೇಳಿ ಕೇಳಿ ಬೇಸರವಾಗಿದೆ. ತಿಳಿವಳಿಕೆಗಿಂತ ದೊಡ್ಡ ತೊಡಕು, ನಮ್ಮ ಲೆಕ್ಕವೆಲ್ಲ ಊರಿನ ಮೇಲೆ ನಡೆಯುತ್ತದೆ, ಬಸುರಿಯ ಮೇಲೆ ಅಲ್ಲ. ಅದು ಬದಲಾಗುವವರೆಗೆ ಅವಳ ದಾಖಲೆ ಅವಳ ಜೊತೆಗೇ ಹೋಗಬೇಕು. ಹೇಗೆ ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇನೆ. ತಾಂಡಾದ ಹುಡುಗರು, ಅಂಗನವಾಡಿ ಅಕ್ಕೋರು, ಮುಕಾದಮರ (ಮುಂಗಡ ಕೊಟ್ಟು ಟೋಳಿ ಕರೆದೊಯ್ಯುವ ಮೇಸ್ತ್ರಿಗಳ) ಮನೆಯವರು ಓದಿದರೆ ಸಾಕು.

ಮೊದಲು ದಿನದ ಲೆಕ್ಕ. ದವಾಖಾನೆಯಲ್ಲಿ ಕೇಳುವುದು ಕಡೆಯ ಸಲ ಮುಟ್ಟಾದ ಮೊದಲ ದಿನ. ಬಹಳ ಮಂದಿ ಹೇಳುವುದು ಮುಟ್ಟು ತಪ್ಪಿದ ದಿನ. ಇಲ್ಲಿಯೇ ಒಂದು ತಿಂಗಳು ಹೆಚ್ಚುಕಮ್ಮಿ ಆಗುತ್ತದೆ, ಆಮೇಲೆ ಹೆರಿಗೆಯ ದಿನವೂ ತಪ್ಪುತ್ತದೆ. ತಾರೀಖು ನೆನಪಿಲ್ಲದಿದ್ದರೆ ಹಬ್ಬ ಹಿಡಿದು ಕೇಳಬೇಕು: ಕಾರಹುಣ್ಣಿಮೆಗೆ ತಲೆ ಮೇಲೆ ನೀರು ಹಾಕ್ಕೊಂಡಿದ್ದೆಯಾ, ಮಣ್ಣೆತ್ತಿನ ಅಮವಾಸ್ಯೆ ಮುಂದೋ ಹಿಂದೋ, ನಾಗರಪಂಚಮಿಗೆ ತವರಿಗೆ ಹೋದಾಗ ಆಗಿತ್ತೋ? ಕ್ಯಾಲೆಂಡರ್ ಮುಂದಿಟ್ಟುಕೊಂಡು ಹೀಗೆ ಕೇಳಿದರೆ ನಾಲ್ಕು ದಿನದ ಆಚೆ ಈಚೆ ತಾರೀಖು ಸಿಕ್ಕೇ ಸಿಗುತ್ತದೆ. ಅದಕ್ಕೆ ಒಂಬತ್ತು ತಿಂಗಳು, ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ. ಜೂನ್ 10 ಆದರೆ ಮಾರ್ಚ್ 17.

ಅಂದರೆ ದೀಪಾವಳಿಗೆ ಐದು ತಿಂಗಳಾಗಿದ್ದವಳು ಕಬ್ಬಿನ ಹಂಗಾಮು ಮುಗಿಯುವ ಮೊದಲೇ ಹೆರುತ್ತಾಳೆ. ಇದು ಹೊರಡುವ ದಿನವೇ ಗೊತ್ತಿರುವ ವಿಷಯ. ಏಳು ತಿಂಗಳಿಗೆ ಕುಬಸ ಮಾಡಿ ತವರಿಗೆ ಕಳಿಸುವ ಪದ್ಧತಿ ನಮ್ಮಲ್ಲಿದೆ, ಒಳ್ಳೆಯದೇ. ಆದರೆ ಕಳಿಸುವುದು ಕಬ್ಬಿನ ಟ್ರ್ಯಾಕ್ಟರ್ ಮೇಲೆ ಅಲ್ಲ. ರಾಯಬಾಗದಿಂದ ವಿಜಯಪುರಕ್ಕೆ ಸರ್ಕಾರಿ ಬಸ್ಸಿದೆ, ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡೂ ಇಲ್ಲ.

ಬಸುರಿಯ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡ್ ವಿಷಯಕ್ಕೆ ಬರೋಣ. ಅದರಲ್ಲಿ ತಾಯಿ-ಮಗುವಿನ ಸರ್ಕಾರಿ ನೋಂದಣಿಯ 12 ಅಂಕಿಯ ಆರ್‌ಸಿಎಚ್ ನಂಬರ್ ಇರುತ್ತದೆ. ಆ ಪೋರ್ಟಲ್ ಇಡೀ ದೇಶದ್ದು. ಹೊಸ ಊರಿನಲ್ಲಿ "ಹೊಸದಾಗಿ ಹೆಸರು ಬರೀರಿ" ಅನ್ನಬಾರದು, "ಈ ನಂಬರ್ ತೆಗೀರಿ" ಅನ್ನಬೇಕು. ಎರಡು ಕಡೆ ನೋಂದಣಿಯಾದರೆ ಹಳೆಯ ತಪಾಸಣೆ ಕಾಣಿಸುವುದಿಲ್ಲ, ಮುಂದೆ ಸಹಾಯಧನ ಬರುವಾಗಲೂ ಗೊಂದಲ. ಕಾರ್ಡಿನ ಒಂದೊಂದು ಹಾಳೆಯ ಫೋಟೊ ತೆಗೆದು ಗಂಡನ ಫೋನಿನಲ್ಲೊಂದು, ಊರಲ್ಲಿ ಉಳಿದವರ ಫೋನಿನಲ್ಲೊಂದು ಇಡಿ. ಗುಡಿಸಲಲ್ಲಿ ಕಾಗದ ಉಳಿಯುವುದಿಲ್ಲ. ಇಬ್ಬನಿ ಇದೆ, ಇಲಿ ಇದೆ.

ಹೊರಡುವ ಮುಂಚೆ ರಕ್ತದ ಗುಂಪು, ಹಿಮೋಗ್ಲೋಬಿನ್, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಸಕ್ಕರೆ, ಮೂತ್ರ, ಬಿಪಿ ಇಷ್ಟೂ ಆಗಿ ಕಾರ್ಡಿನಲ್ಲಿ ಬರೆದಿರಬೇಕು. ಧನುರ್ವಾಯು ತಡೆಯುವ ಟಿಡಿ ಸೂಜಿ ಎರಡು, ನಡುವೆ ನಾಲ್ಕು ವಾರ. ರಕ್ತದ ಗುಂಪು ನೆಗೆಟಿವ್ ಇದ್ದರೆ ಕೆಂಪು ಅಕ್ಷರದಲ್ಲಿ ಬರೆಸಿ. ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ತಾಸಿನೊಳಗೆ ಆಂಟಿ-ಡಿ ಸೂಜಿ ಬೇಕು, ಅದು ಎಲ್ಲ ಕಡೆ ಇಟ್ಟಿರುವುದಿಲ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ, 7ಕ್ಕಿಂತ ಕೆಳಗಿದ್ದರೆ ಗುಳಿಗೆಯಿಂದ ಸರಿಹೋಗುವುದಲ್ಲ. ಅಂಥವಳನ್ನು ಗುಳೆಗೆ ಕರೆದೊಯ್ಯುವುದು ತಪ್ಪು ಅಂತ ನಾನು ನೇರವಾಗಿಯೇ ಹೇಳುತ್ತೇನೆ. ಮೊದಲು ಜಿಲ್ಲಾ ಆಸ್ಪತ್ರೆ, ಆಮೇಲೆ ಉಳಿದದ್ದು.

ಗುಳಿಗೆಯ ಲೆಕ್ಕ ತಪ್ಪುವುದೇ ಹೆಚ್ಚು. ನಾಲ್ಕನೇ ತಿಂಗಳಿನಿಂದ ಕಬ್ಬಿಣಾಂಶದ ಗುಳಿಗೆ ದಿನಕ್ಕೊಂದು, ಒಟ್ಟು 180. ಕ್ಯಾಲ್ಸಿಯಂ ದಿನಕ್ಕೆರಡು, ಒಟ್ಟು 360. ತಿಂಗಳಿಗೆ ಒಂದು ಪಟ್ಟಿ ಕೊಟ್ಟು "ಮುಂದಿನ ತಿಂಗಳ ಬಾ" ಅಂದರೆ ಅವಳು ಮುಂದಿನ ತಿಂಗಳು ಇರುವುದು ಮಡಗಾಂವದಲ್ಲಿ. ನಾಲ್ಕು ತಿಂಗಳು ಹೋಗುವವಳಿಗೆ 120 ಕಬ್ಬಿಣ, 240 ಕ್ಯಾಲ್ಸಿಯಂ ಒಮ್ಮೆಗೇ ಕೇಳಿ ತಗೊಳ್ಳಬೇಕು. ಎರಡನ್ನೂ ಕೂಡಿ ನುಂಗಬಾರದು, ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಚಹಾನೂ ಹಾಗೆಯೇ. ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣ ರಾತ್ರಿ ಊಟವಾಗಿ ಎರಡು ತಾಸಿನ ಮೇಲೆ, ನಿಂಬೆಹಣ್ಣಿನ ನೀರಿನ ಜೊತೆ. ಇಂಡಿಯವರಿಗೆ ನಿಂಬೆಹಣ್ಣು ಎಲ್ಲಿಂದ ತರಲಿ ಅಂತ ಹೇಳಿಕೊಡಬೇಕಿಲ್ಲ. ಸಂಡಾಸು ಕರ್ರಗಾಗುತ್ತದೆ, ಅದಕ್ಕೆ ಹೆದರಿಯೇ ಗುಳಿಗೆ ಕಬ್ಬಿನ ರವದಿಗೆ ಬೀಳುತ್ತದೆ. ಕರ್ರಗಾಗುವುದು ಗುಳಿಗೆಯ ಗುಣ ಅಂತ ಮೊದಲೇ ಹೇಳಿದರೆ ಅರ್ಧ ಮಂದಿ ಬಿಡುವುದಿಲ್ಲ.

ಹೊಸ ಜಾಗಕ್ಕೆ ಹೋದ ವಾರದೊಳಗೆ ಅಲ್ಲಿನ ಅಂಗನವಾಡಿ ಹುಡುಕಿ, ಅಲ್ಲಿಂದ ಆಶಾ ಸಿಗುತ್ತಾಳೆ. ಗಡಿಯ ಚಿಕ್ಕೋಡಿ, ಅಥಣಿ ಕಡೆ ಆಶಾಗಳಿಗೆ ಮರಾಠಿ ಬರುತ್ತದೆ, ಹಾಗಾಗಿ ಬೀಡದವರಿಗೂ ಮಾತಿನ ತೊಂದರೆ ಕಡಿಮೆ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಗಳಲ್ಲಿ ನಾಲ್ಕನೇ ತಿಂಗಳಿನಿಂದ ಮೇಲಿನ ಬಸುರಿಯರಿಗೆ ವೈದ್ಯರ ತಪಾಸಣೆ ಇರುತ್ತದೆ, ದೇಶಾದ್ಯಂತ, ಪುಕ್ಕಟೆ. ಒಂದೇ ತೊಡಕು: ಹೊಲದಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ, ಅಂದರೆ ಕೂಲಿಯ ಲೆಕ್ಕದಲ್ಲಿ ಇಬ್ಬರೂ ಒಂದೇ. ಅವಳು ಒಂದು ದಿನ ತಪ್ಪಿದರೆ ಇಬ್ಬರ ಪಗಾರಕ್ಕೂ ಕತ್ತರಿ, ಮೇಲೆ ದಂಡ. ಅದಕ್ಕೇ 9ನೇ ತಾರೀಖನ್ನು ಮುಂಗಡ ತಗೊಳ್ಳುವಾಗಲೇ ಮುಕಾದಮನ ಹತ್ತಿರ ಮಾತಾಡಿ ಬಿಡಿಸಿಕೊಳ್ಳಬೇಕು. ಮುಂಗಡ ಕೈಗೆ ಬಂದಮೇಲೆ ಆ ಮಾತಿಗೆ ಬೆಲೆ ಇರುವುದಿಲ್ಲ.

ಹೊಲದಲ್ಲಿ ಯಾರೂ ಗಮನಿಸದ ಇನ್ನೊಂದು ಸಂಗತಿ ಇದೆ. ಸಂಡಾಸಿಗೆ ಮರೆ ಇಲ್ಲ ಅಂತ ಹೆಣ್ಣುಮಕ್ಕಳು ನಸುಕಿನಿಂದ ಮಧ್ಯಾಹ್ನದವರೆಗೆ ನೀರೇ ಕುಡಿಯುವುದಿಲ್ಲ. ನೀರು ಕಡಿಮೆಯಾಗಿ, ಮೂತ್ರ ತಡೆದು ಮೂತ್ರದ ಸೋಂಕು. ಅದು ಕಿಡ್ನಿಗೇರಿದರೆ ಚಳಿಜ್ವರ, ದಿನ ತುಂಬುವ ಮೊದಲೇ ಹೆರಿಗೆ. ಉರಿಮೂತ್ರಕ್ಕೆ ಎಳನೀರು ಕುಡಿದು ಸುಮ್ಮನಾಗಬೇಡಿ, ಮೂತ್ರ ಪರೀಕ್ಷೆ ಮಾಡಿಸಿ. ಹಾಗೆಯೇ ತಲೆನೋವು, ಕಣ್ಣು ಮಂಜಾಗುವುದು, ಮುಖ ಬಾತುಕೊಳ್ಳುವುದನ್ನು "ಬಿಸಲಿಗೆ ಆಗೇತಿ" ಅಂತ ತಳ್ಳಿಹಾಕಬೇಡಿ. ಬಿಪಿ 140/90 ದಾಟಿದ್ದರೆ ಮುಂದೆ ಮೂರ್ಛೆ (ಫಿಟ್ಸ್) ಬರಬಹುದು. ಅದನ್ನು ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸುವ ಹೊತ್ತಿಗೆ ತಾಯಿ ಮಗು ಇಬ್ಬರೂ ಕೈತಪ್ಪಬಹುದು. ರಕ್ತ ಹೋಗುವುದು, ನೀರು ಒಡೆಯುವುದು, ಕೂಸು ಮಿಸುಕಾಡುವುದು ಕಡಿಮೆಯಾಗುವುದು, ಇವಕ್ಕೆ ಬೆಳಗಾಗಲಿ ಅಂತ ಕಾಯಬಾರದು.

108 ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರೂ ಕಡೆ ಒಂದೇ ನಂಬರ್. ಆದರೆ "ಕಬ್ಬಿನ ಹೊಲದಾಗ ಅದೀವ್ರಿ" ಅಂದರೆ ಗಾಡಿ ಎಲ್ಲಿಗೆ ಬರಬೇಕು? ಊರು, ತಾಲ್ಲೂಕು, ಹತ್ತಿರದ ಗುಡಿ ಅಥವಾ ಕಾಲುವೆ, ಹೊಲದ ಮಾಲೀಕರ ಹೆಸರು ಒಂದು ಚೀಟಿಯಲ್ಲಿ ಬರೆದು ಗುಡಿಸಲಿಗೆ ಸಿಕ್ಕಿಸಿರಿ. ಫೋನ್ ಮಾಲೀಕರ ಕೈಗೆ ಕೊಟ್ಟು ಮಾತಾಡಿಸಿ. ಎರೆಭೂಮಿಯಲ್ಲಿ ನೀರು ಹಾಯಿಸಿದ್ದರೆ ಆಂಬುಲೆನ್ಸ್ ಗಾಲಿ ಹೂತುಹೋಗುತ್ತದೆ, ಅದು ಬರುವಷ್ಟರಲ್ಲಿ ಬಸುರಿಯನ್ನು ಡಾಂಬರ್ ರಸ್ತೆಗೆ ತಂದಿರಬೇಕು. ಹಿಂದೆ ಸಿಜೇರಿಯನ್ ಆದವರು, ಅವಳಿ ಇದ್ದವರು, ರಕ್ತ ಕಡಿಮೆ ಇದ್ದವರು, ಬಿಪಿ ಇದ್ದವರು ಸಣ್ಣ ದವಾಖಾನೆಗೆ ಹೋಗಿ ಅಲ್ಲಿಂದ ಕಳಿಸಿಕೊಳ್ಳುವುದರಲ್ಲಿ ಹೊತ್ತು ಕಳೆಯಬಾರದು. ಬೆಳಗಾವಿಯ ಬಿಮ್ಸ್, ವಿಜಯಪುರ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ, ಗಡಿಯಾಚೆ ಮಿರಜ್, ಕೊಲ್ಹಾಪುರದ ಸಿಪಿಆರ್, ಗೋವಾದ ಬಾಂಬೋಳಿ, ಯಾವುದು ಹತ್ತಿರ ಅಂತ ಮೊದಲೇ ಗೊತ್ತಿರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧ, ರಕ್ತ ಪುಕ್ಕಟೆ. ಸಹಜ ಹೆರಿಗೆಗೆ ಮೂರು ದಿನ, ಸಿಜೇರಿಯನ್‌ಗೆ ಏಳು ದಿನ ಊಟವೂ ಸೇರಿದೆ. 2011ರಿಂದ ಇದು ಕೇಂದ್ರದ ಯೋಜನೆ. ಆಧಾರ್, ರೇಷನ್ ಕಾರ್ಡಿನ ನಕಲು ಇಟ್ಟುಕೊಂಡಿದ್ದರೆ ವಾದ ಕಡಿಮೆ.

ದುಡ್ಡಿನ ಮಾತು ಚಿಕ್ಕದು. ಮಾತೃವಂದನಾ ಯೋಜನೆಯಲ್ಲಿ ಬಡ ಕುಟುಂಬದ ಮೊದಲ ಹೆರಿಗೆಗೆ 3,000 ಮತ್ತು 2,000 ರೂಪಾಯಿ ಎರಡು ಕಂತು, ಎರಡನೆಯದು ಹೆಣ್ಣಾದರೆ 6,000. ಅರ್ಜಿ ಅಂಗನವಾಡಿಯಲ್ಲಿ. ದುಡ್ಡು ಬಸುರಿಯದೇ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ. ಮನೆಗೆ ಗೃಹಲಕ್ಷ್ಮಿ ಬರುತ್ತದಲ್ಲ ಅಂತ ಧೈರ್ಯವಾಗಿರಬೇಡಿ, ಅದು ಹೆಚ್ಚಾಗಿ ಅತ್ತೆಯ ಖಾತೆ. ಸೊಸೆಯ ಖಾತೆ ಚಾಲ್ತಿಯಲ್ಲಿದೆಯೋ ಇಲ್ಲವೋ ಬ್ಯಾಂಕಿಗೆ ಹೋಗಿ ನೋಡಿ.

ಕಾರ್ಖಾನೆಗಳಿಗೂ ಒಂದು ಮಾತು. ಯಾವ ಟೋಳಿ, ಎಷ್ಟು ಜೋಡಿ, ಯಾವ ಊರಿನ ಹೊಲ ಅನ್ನುವುದು ನಿಮ್ಮ ಕಬ್ಬಿನ ಕಚೇರಿಗೆ ಮೊದಲೇ ಗೊತ್ತಿರುತ್ತದೆ. ಆ ಪಟ್ಟಿಯ ಒಂದು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಟ್ಟರೆ ನಿಮಗೆ ಖರ್ಚಿಲ್ಲ. ತಪಾಸಣೆಯನ್ನು ಸಂತೆಯ ದಿನ ಸಂಜೆ ಇಟ್ಟರೆ ಬರುತ್ತಾರೆ; ಬೆಳಿಗ್ಗೆ ಹತ್ತಕ್ಕೆ ಇಟ್ಟು "ಯಾರೂ ಬರಲಿಲ್ಲ" ಅಂತ ಬರೆದುಕೊಳ್ಳುವುದು ಯಾರಿಗೂ ಉಪಯೋಗವಿಲ್ಲ.

ಹೆರಿಗೆ ಹೊರಗೆಯೇ ಆದರೆ ಮಗುವಿನ ಜನನ ನೋಂದಣಿ ಹುಟ್ಟಿದ ಊರಿನಲ್ಲೇ ಆಗಬೇಕು, ನಮ್ಮ ಪಂಚಾಯಿತಿಯಲ್ಲಿ ಆಗುವುದಿಲ್ಲ. 21 ದಿನದೊಳಗೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಆಧಾರ್‌ಗೂ ಈ ಪ್ರಮಾಣಪತ್ರವೇ ಆಧಾರ. ತಂದೆ ತಾಯಿಯ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಬರೆದಿದ್ದಾರೆಯೇ ಅಂತ ಡಿಸ್ಚಾರ್ಜ್‌ಗೆ ಮುಂಚೆ ನೋಡಿ, ಒಂದಕ್ಷರ ತಿದ್ದಿಸಲು ಮತ್ತೆ ಮಾಪ್ಸಾಕ್ಕೆ ಹೋಗಬೇಕಾದೀತು. ತೊಟ್ಟಿಲು ಊರಿಗೆ ಬಂದಮೇಲೆ ಹಾಕುವವರು ಮಗುವಿನ ಹೆಸರಿನ ಜಾಗ ಖಾಲಿ ಬಿಟ್ಟೇ ನೋಂದಣಿ ಮಾಡಿಸಬಹುದು, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಿಕೊಡುತ್ತಾರೆ.