ತುಟಿಗಾಯನ

ಕರೆಂಟು ಹೋದದ್ದಕ್ಕೆ ಬೈಯುವವರು ಎಲ್ಲೆಡೆಯೂ ಇದ್ದಾರೆ. ಕರೆಂಟು ಬಂದದ್ದಕ್ಕೆ ಹಲ್ಲು ಕಡಿದವನು ಬಹುಶಃ ನಾನೊಬ್ಬನೇ. ಇದು ನಡೆದದ್ದು ಕಳೆದ ಶನಿವಾರ. ಆ ಸಿಟ್ಟು ಇನ್ನೂ ಆರಿಲ್ಲವಾದ್ದರಿಂದ ಈ ಬರಹದಲ್ಲಿ ಅಲ್ಲಲ್ಲಿ ನನ್ನ ದನಿ ಏರಿದರೆ ಓದುಗರು ಮನ್ನಿಸಬೇಕು.

ಸುತ್ತಮುತ್ತಲಿನ ಆರೇಳು ಊರುಗಳ ಹುಡುಗರನ್ನು ಸೇರಿಸಿ ಒಂದು ಬಾಲಕರ ಗಾಯನವೃಂದವನ್ನು ಕಟ್ಟಬೇಕೆಂಬ ಹುಚ್ಚು ನನಗೆ ಹತ್ತಿ ಐದು ತಿಂಗಳಾಯಿತು. ಹಾಡಿನ ತರಗತಿಯ ತುಂಬ ಹುಡುಗಿಯರೇ ಇರುತ್ತಾರೆ, ಹುಡುಗರು ತಂಗಿಯನ್ನು ಬಾಗಿಲವರೆಗೆ ಬಿಟ್ಟು ಓಡಿಹೋಗುತ್ತಾರೆ ಎಂಬುದು ಸಂಗೀತ ಕಲಿಸುವವರಿಗೆಲ್ಲ ಗೊತ್ತಿರುವ ಸಂಗತಿ. ಅದೇ ಹುಡುಗರು ಬಚ್ಚಲುಮನೆಯಲ್ಲಿ, ಸೈಕಲ್ಲಿನ ಮೇಲೆ, ಪಂದ್ಯ ಗೆದ್ದು ಬರುವ ಬಸ್ಸಿನಲ್ಲಿ ಗಂಟಲು ಹರಿಯುವಂತೆ ಹಾಡುತ್ತಾರೆ. ಅವರಿಗೆ ಹಾಡಲು ಬಾರದೆಂದಲ್ಲ. ಹಾಡುವಾಗ ಯಾರೂ ನೋಡಬಾರದು, ಅಷ್ಟೇ.

ಇದು ಗೊತ್ತಿದ್ದೂ ನಾನು ಮೊದಲ ದಿನ ಒಂದು ಭಾಷಣ ಮಾಡಿದೆ. ಜರ್ಮನಿಯ ರೇಗೆನ್ಸ್‌ಬುರ್ಗಿನ ಬಾಲಕರ ತಂಡದ ಬೇರು 975ನೆಯ ಇಸವಿಯಷ್ಟು ಹಿಂದಕ್ಕೆ ಹೋಗುತ್ತದೆ ಎಂದೆ. ಲೈಪ್‌ಜಿಗ್‌ನ ಸಂತ ಥಾಮಸ್ ಚರ್ಚಿನ ತಂಡ 1212ರಷ್ಟು ಹಳೆಯದು, ಅಲ್ಲಿನ ಹುಡುಗರಿಗೆ 1723ರಿಂದ 1750ರವರೆಗೆ ಮಹಾನ್ ಸಂಗೀತ ರಚನಕಾರ ಬಾಖ್ ಸ್ವತಃ ಹಾಡು ಕಲಿಸಿದ ಎಂದೆ. 1498ರಲ್ಲಿ ಚಕ್ರವರ್ತಿ ಮೊದಲನೆಯ ಮ್ಯಾಕ್ಸಿಮಿಲಿಯನ್ ಆಸ್ಥಾನಕ್ಕೆಂದು ಕಟ್ಟಿಸಿದ ಪರಂಪರೆಯಿಂದ ಬಂದ ವಿಯೆನ್ನಾದ ಹುಡುಗರು ಇಂದಿಗೂ ವರ್ಷಕ್ಕೆ ಸುಮಾರು 300 ಕಛೇರಿಗಳಲ್ಲಿ ಹಾಡುತ್ತಾರೆ ಎಂದು ಮುಗಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

"ಸರ್, ಅವರು ಎಲ್ಲರ ಎದುರಿಗೇ ಹಾಡುತ್ತಾರಾ?"

ಮುಂದಿನ ತೊಡಕು ಗುಂಪು ವಿಂಗಡಿಸುವಾಗ ಬಂತು. ಇಪ್ಪತ್ತು ಹುಡುಗರಲ್ಲಿ ಇಪ್ಪತ್ತೂ ಮಂದಿ ದಪ್ಪ ದನಿಯ ಗುಂಪಿಗೇ ಸೇರುವವರು. ಹತ್ತು ವರ್ಷದವನೊಬ್ಬ ಗದ್ದವನ್ನು ಎದೆಗೆ ಒತ್ತಿಕೊಂಡು ಮಂದ್ರಸ್ಥಾಯಿಗೆ ಇಳಿಯಲು ಹೋಗಿ ಐದು ನಿಮಿಷ ಕೆಮ್ಮಿದ. ಮೇಲಿನ ಸ್ಥಾಯಿಯವರಿಗೆ ನಾನು ಪ್ರೀತಿಯಿಂದ 'ಕೋಗಿಲೆ' ಎಂದು ಹೆಸರಿಟ್ಟಿದ್ದೆ, ಒಬ್ಬನೂ ಬರಲಿಲ್ಲ. ಅದನ್ನೇ 'ಗಿಡುಗ' ಎಂದು ಬದಲಾಯಿಸಿದಾಗ ಹದಿನಾಲ್ಕು ಮಂದಿ ಬಂದರು, ಮತ್ತು ಮೂರು ವಾರ ಗಿಡುಗಗಳಂತೆಯೇ ಕಿರುಚಿದರು.

ಆಮೇಲೆ ಒಂದು ದಿನ ಕಿರುಚಾಟ ತಾನಾಗಿಯೇ ನಿಂತು, ಹಾಡು ಇಂಪಾಗತೊಡಗಿತು. ನಾನು ಹಿಗ್ಗಿದೆ. ಅದು ತುಟಿಗಾಯನವೆಂಬ ಕಲೆಯ ಆರಂಭವೆಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಈ ಕಲೆಯಲ್ಲಿ ಒಬ್ಬೊಬ್ಬನದೂ ಒಂದೊಂದು ಶೈಲಿ. ಒಬ್ಬ ಹುಬ್ಬೇರಿಸಿ, ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಭಾವದ ಪರಾಕಾಷ್ಠೆಯಲ್ಲಿ ಏನೂ ಹಾಡುವುದಿಲ್ಲ. ಇನ್ನೊಬ್ಬ ಮೊದಲ ಅಕ್ಷರವನ್ನು ಮಾತ್ರ ಗಟ್ಟಿಯಾಗಿ ಹೇಳಿ ಉಳಿದ ಸಾಲನ್ನು ಪಕ್ಕದವನಿಗೆ ವಹಿಸುತ್ತಾನೆ. ಪಕ್ಕದವನು ಅದನ್ನು ತನ್ನ ಪಕ್ಕದವನಿಗೆ ದಾಟಿಸುತ್ತಾನೆ. ಮತ್ತೊಬ್ಬನ ಬಾಯಿಯ ಬಳಿ ಕಿವಿಯಿಟ್ಟಾಗ ಅವನು ರಾಗವಾಗಿ ತನ್ನ ನೆಚ್ಚಿನ ತಂಡದ ಆಟಗಾರರ ಹೆಸರುಗಳನ್ನು ಜಪಿಸುತ್ತಿದ್ದ. ಅವನಾದರೂ ಶ್ರುತಿಯಲ್ಲಿದ್ದ ಎಂಬುದನ್ನು ಇಲ್ಲಿ ದಾಖಲಿಸಬೇಕು. ಸಾಲಿನ ಉದ್ದಕ್ಕೂ ನಾನು ನಡೆದರೆ ನಾನು ನಿಂತಲ್ಲಿ ನಲ್ಲಿ ತಿರುಗಿಸಿದಂತೆ ದನಿ ಬರುತ್ತಿತ್ತು, ದಾಟಿದೊಡನೆ ನಿಲ್ಲುತ್ತಿತ್ತು. ಹಾಗಾದರೆ ಅಷ್ಟು ದಿನ ನಾನು ಕೇಳಿ ಹಿಗ್ಗಿದ ಇಂಪು ಯಾರದ್ದು? ಅರ್ಧ ಕೀಬೋರ್ಡಿನದು, ಉಳಿದರ್ಧ ನನ್ನದೇ.

ನಿಜವಾಗಿ ಹಾಡುತ್ತಿದ್ದವನು ಒಬ್ಬನಿದ್ದ, ಹದಿಮೂರರ ಹುಡುಗ. ಅವನನ್ನು ಕೆಡಿಸಿದವನು ನಾನೇ. ಅಭ್ಯಾಸದ ಸಮಯ ಬದಲಾದದ್ದನ್ನು ತಿಳಿಸಲು ಮನೆಗೆ ಫೋನ್ ಮಾಡಿದಾಗ ಅತ್ತಲಿಂದ ಎಳೆಯ, ತಿಳಿಯಾದ ದನಿ ಕೇಳಿಸಿತು. "ನಿನ್ನ ಅಣ್ಣನಿಗೆ ಫೋನ್ ಕೊಡಮ್ಮಾ," ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಾನೇ ಸರ್." ಹುಡುಗರ ದನಿಯನ್ನು ಗೇಲಿ ಮಾಡಬಾರದೆಂದು ಪೋಷಕರಿಗೆ ಎರಡು ಪುಟಗಳ ಪತ್ರ ಬರೆದು ಹಂಚಿದ್ದವನ ಬಾಯಿಂದ ಬಂದ ಮಾತಿದು. ಅವನು ಮೂರು ವಾರ ಬರಲಿಲ್ಲ. ಬಂದ ಮೇಲೆ ಅವನೂ ತುಟಿಗಾಯಕನಾಗಿದ್ದ.

ಇನ್ನು ಕಳೆದ ಶನಿವಾರ. ಹೊರಗೆ ಆಗಲೇ ಕತ್ತಲಾಗಿತ್ತು. ಎರಡನೆಯ ಚರಣದ ನಡುವೆ ಕರೆಂಟು ಹೋಗಿ, ದೀಪದ ಜೊತೆಗೆ ಕೀಬೋರ್ಡೂ ಸತ್ತಿತು. ಬೆಚ್ಚಿಬಿದ್ದು ನಾನೂ ನಿಲ್ಲಿಸಿದೆ. ಆ ಕ್ಷಣದ ಮೌನವನ್ನು ನಾನು ಮರೆಯಲಾರೆ. ಇಪ್ಪತ್ತು ಬಾಯಿಗಳು ತೆರೆದಿದ್ದವು, ಒಂದರಿಂದಲೂ ಸದ್ದಿಲ್ಲ. ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಹಿಂದಿನ ಮೂಲೆಯಿಂದ ಒಂದು ತಿಳಿದನಿ, ನಿಂತ ಸಾಲನ್ನು ನಿಂತಲ್ಲಿಂದಲೇ ಎತ್ತಿಕೊಂಡಿತು. ಯಾರದ್ದೆಂದು ಹೇಳಬೇಕಾಗಿಲ್ಲ. ಅದರ ಹಿಂದೆ ಇನ್ನೊಂದು, ಮತ್ತೆ ನಾಲ್ಕು; ಮುಖವೇ ಕಾಣದ ಧೈರ್ಯದಲ್ಲಿ ಇಡೀ ತಂಡ ಎದೆ ತುಂಬಿ ಹಾಡತೊಡಗಿತು. ಕೀಬೋರ್ಡಿಲ್ಲ, ನಾನಿಲ್ಲ, ಆದರೂ ಶ್ರುತಿ ಕದಲಲಿಲ್ಲ. ಐದು ತಿಂಗಳು ನಾನು ಕಲಿಸಿದ್ದೆಲ್ಲ ಅವರೊಳಗೆ ಭದ್ರವಾಗಿ ಕುಳಿತಿತ್ತು. ನನಗೆ ತೋರಿಸಿರಲಿಲ್ಲ, ಅಷ್ಟೇ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ದೀಪ ಹತ್ತಿತು. ಹಾಡು ಅಲ್ಲೇ ತುಂಡಾಯಿತು. ಇಪ್ಪತ್ತು ಮಂದಿಯೂ ಛಾವಣಿ, ಶೂ, ಕಿಟಕಿಗಳನ್ನು ಪರೀಕ್ಷಿಸುತ್ತ ನಿಂತಿದ್ದರು. ಎದ್ದು ಹೋಗಿ ದೀಪದ ಸ್ವಿಚ್ ಆರಿಸಿದೆ. ಅದಕ್ಕೆ ಅವರು ಬಿದ್ದು ಬಿದ್ದು ನಕ್ಕರು, ಹಾಡಲಿಲ್ಲ.

ನನ್ನ ಅವಸರಕ್ಕೆ ಕಾರಣವಿದೆ. ಹದಿಮೂರರ ಆಸುಪಾಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವಾಗಿ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಅದು ಇಂಥ ದಿನವೇ ಎಂದು ಹೇಳಿಕಳಿಸುವುದಿಲ್ಲ. ಮುಂದೆ ದೊಡ್ಡ ಸಂಗೀತ ರಚನಕಾರನಾದ ಶೂಬರ್ಟ್ ಮಾತ್ರ ತನ್ನ ಹದಿನೈದರಲ್ಲಿ ಆ ದಿನವನ್ನು ಗುರುತು ಹಾಕಿಟ್ಟ. ವಿಯೆನ್ನಾದ ಆಸ್ಥಾನದ ತಂಡದಲ್ಲಿದ್ದ ಅವನು ತಾನು ಹಾಡುತ್ತಿದ್ದ ಸ್ವರಲಿಪಿಯ ಹಾಳೆಯ ಮೇಲೆ, 1812ರ ಜುಲೈ 26ರಂದು ತಾನು ಕೊನೆಯ ಬಾರಿ ಕೋಳಿಯಂತೆ ಕೂಗಿದ್ದಾಗಿ ಬರೆದ. ನಗಿಸಲೆಂದೇ ಬರೆದಿರಬೇಕು, ನನಗೇಕೋ ನಗು ಬರುವುದಿಲ್ಲ. ದನಿ ಒಡೆದ ಮೇಲೂ ಒತ್ತಡವಿಲ್ಲದೆ, ಎಟಕುವಷ್ಟರಲ್ಲಿ ಹಾಡುತ್ತಲೇ ಇರಬಹುದು ಎಂದು ನಾನೇ ಹುಡುಗರಿಗೆ ಹೇಳುತ್ತಿರುತ್ತೇನೆ. ಆದರೆ ಕತ್ತಲಲ್ಲಿ ಕೇಳಿದ ಆ ತಿಳಿದನಿ ಇನ್ನೆಷ್ಟು ಶನಿವಾರ ಇದ್ದೀತು?

ನಿನ್ನೆ ಅವನೇ ಫೋನ್ ಮಾಡಿದ. ಈ ಬಾರಿ ನಾನು ಎಚ್ಚರದಿಂದ ಯಾವ ಸಂಬೋಧನೆಯನ್ನೂ ಬಳಸದೆ, "ಹೇಳು," ಎಂದಷ್ಟೇ ಹೇಳಿದೆ.

"ಸರ್, ಈ ಶನಿವಾರ ಕರೆಂಟು ಇರುತ್ತದಾ?"

"ಇರಬಹುದು. ಏಕೆ?"

"ಏನಿಲ್ಲ ಸರ್, ಎಲ್ಲರೂ ಕೇಳು ಅಂದರು."