ಇನ್ನೂರು ಕೋಳಿ, ಒಂದು ಕರಡಿ, ನಲವತ್ತು ಹಂದಿ

ಇಂಗ್ಲೆಂಡಿನ ಜಾನ್ ರಾಜನನ್ನು ಬೈಯದವರಿಲ್ಲ. ನನಗೆ ಮಾತ್ರ ಅವನ ಒಂದು ಗುಣ ತುಂಬಾ ಹಿಡಿಸುತ್ತದೆ. ವಸೂಲಿ ಮಾಡಿದ್ದಕ್ಕೆಲ್ಲ ಲೆಕ್ಕ ಬರೆಸಿಡುತ್ತಿದ್ದ. ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾಕೆ ಕೊಟ್ಟರು, ಎಲ್ಲವೂ ಚರ್ಮದ ಸುರುಳಿಯ ಮೇಲೆ ಗುಮಾಸ್ತರ ಅಕ್ಷರದಲ್ಲಿದೆ. ಎಂಟುನೂರು ವರ್ಷ ಆದಮೇಲೂ ಕೂತು ಓದಬಹುದು. ಇಷ್ಟು ಪಾರದರ್ಶಕ ಆಡಳಿತ ಈಗೆಲ್ಲಿದೆ ಹೇಳಿ.

1204ರ ಕ್ರಿಸ್‌ಮಸ್ ಹೊತ್ತಿಗೆ ಬರೆದ ಒಂದು ಸಾಲು ನೋಡಿ. ಹ್ಯೂ ಡಿ ನೆವಿಲ್‌ನ ಹೆಂಡತಿ ತನ್ನ ಗಂಡನ ಜೊತೆ ಒಂದು ರಾತ್ರಿ ಮಲಗುವುದಕ್ಕೆ ರಾಜನಿಗೆ ಇನ್ನೂರು ಕೋಳಿ ಕೊಡಬೇಕು. ಹ್ಯೂ ಅಂದರೆ ರಾಜನ ಕಾಡುಗಳಿಗೆಲ್ಲ ಮುಖ್ಯ ಅಧಿಕಾರಿ. ಇದು ಬರೀ ತಮಾಷೆಯೋ, ಆಕೆ ಆಗ ರಾಜನ ಹಿಡಿತದಲ್ಲಿದ್ದಳೋ ಅಂತ ಇತಿಹಾಸಕಾರರು ಇವತ್ತಿಗೂ ಜಗಳ ಆಡುತ್ತಾರೆ. ಗುಮಾಸ್ತನಿಗೆ ಆ ಚಿಂತೆಯೇ ಇರಲಿಲ್ಲ. ಕೋಳಿಗೆ ಜಾಮೀನು ನಿಂತವರ ಹೆಸರು ಬರೆದುಕೊಂಡ, ಮುಂದಿನ ಸಾಲಿಗೆ ಹೋದ. ಇನ್ನೊಂದು ಕಡೆ, ಹೆನ್ರಿ ಪಿನೆಲ್‌ನ ಹೆಂಡತಿಯ ವಿಷಯದಲ್ಲಿ ರಾಜ ಬಾಯಿ ಬಿಡದಿರಲಿ ಅಂತ ಒಬ್ಬ ಐದು ಒಳ್ಳೆಯ ಕುದುರೆ ಕೊಟ್ಟಿದ್ದಾನೆ. ಮತ್ತೊಂದು ಕಡೆ ವಿಂಚೆಸ್ಟರಿನ ಬಿಷಪ್ಪನಿಗೆ ಒಂದು ಪೀಪಾಯಿ ವೈನ್ ದಂಡ. ತಪ್ಪೇನು? ಒಬ್ಬ ಕೌಂಟೆಸ್‌ಗೆ ಸೊಂಟಪಟ್ಟಿ ಕೊಡಬೇಕಿತ್ತು ಅನ್ನುವುದನ್ನು ರಾಜನಿಗೆ ನೆನಪಿಸಲಿಲ್ಲ. ಮರೆತವನು ರಾಜ, ದಂಡ ಬಿಷಪ್ಪನಿಗೆ.

ಇವೆಲ್ಲ ಚಿಲ್ಲರೆ ವ್ಯಾಪಾರ. ಸಗಟು ವ್ಯಾಪಾರ ನಡೆಯುತ್ತಿದ್ದದ್ದು ಬ್ಯಾರನ್‌ಗಳ ಜೊತೆ, ಅಂದರೆ ದೊಡ್ಡ ದೊಡ್ಡ ಜಹಗೀರುದಾರರ ಜೊತೆ. ಅಪ್ಪ ಸತ್ತರೆ ಮಗ ಆಸ್ತಿ ಬಿಡಿಸಿಕೊಳ್ಳಲು ರಾಜನಿಗೆ ದುಡ್ಡು ಕಟ್ಟಬೇಕು. ನೂರು ಪೌಂಡ್ ಇದ್ದರೆ ಸಾಕು ಅನ್ನುವುದು ಅವರ ಲೆಕ್ಕ. ಜಾನ್ ಒಬ್ಬನಿಗೆ ಹತ್ತು ಸಾವಿರ ಮಾರ್ಕ್ ಅಂದ. ಮಾರ್ಕ್ ಅಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಜೆಫ್ರಿ ಡಿ ಮ್ಯಾಂಡೆವಿಲ್ ಅನ್ನುವವನ ಕಥೆ ಇನ್ನೂ ಚೆನ್ನಾಗಿದೆ. ರಾಜ ಬಿಟ್ಟ ಮೊದಲ ಹೆಂಡತಿ ಇಸಬೆಲ್ಲಾಳನ್ನು 1214ರಲ್ಲಿ ಇವನಿಗೆ ಕಟ್ಟಿದರು. ಬೆಲೆ ಇಪ್ಪತ್ತು ಸಾವಿರ ಮಾರ್ಕ್, ಕಂತಿನಲ್ಲಿ. ವರದಕ್ಷಿಣೆ ಕೊಡುವುದು ತೆಗೆದುಕೊಳ್ಳುವುದು ನಮಗೆ ಹೊಸದಲ್ಲ, ಆದರೆ ಹುಡುಗಿಯ ಹಳೇ ಗಂಡನಿಗೆ ಕೊಡುವ ಪದ್ಧತಿ ನಾನು ಬೇರೆಲ್ಲೂ ಕೇಳಿಲ್ಲ.

ಇಷ್ಟೆಲ್ಲ ದುಡ್ಡು ಯಾಕೆ ಬೇಕಿತ್ತು? 1204ರಲ್ಲಿ ನಾರ್ಮಂಡಿ ಫ್ರಾನ್ಸಿನ ರಾಜನ ಪಾಲಾಯಿತು. ಅದನ್ನು ವಾಪಸ್ ಪಡೆಯಬೇಕಿತ್ತು. ಹತ್ತು ವರ್ಷ ದುಡ್ಡು ಹಿಂಡಿ ಹಿಂಡಿ 1214ರಲ್ಲಿ ಯುದ್ಧಕ್ಕೆ ಹೋದ. ಜುಲೈ 27ರಂದು ಬೂವೀನ್ ಅನ್ನುವಲ್ಲಿ ಅವನ ಕಡೆಯವರು ಹಿಗ್ಗಾಮುಗ್ಗಾ ಸೋತರು. ರಾಜ ಬರಿಗೈಯಲ್ಲಿ ಮನೆಗೆ ಬಂದ. ಬಂದವನೇ ಯುದ್ಧಕ್ಕೆ ಬರದವರ ತೆರಿಗೆ ಬಾಕಿ ಕೇಳಿದ.

ಆಗ ಬ್ಯಾರನ್‌ಗಳಿಗೆ ದೇಶದ ನೆನಪಾಯಿತು.

ಇವರ ನಾಯಕ ರಾಬರ್ಟ್ ಫಿಟ್ಸ್‌ವಾಲ್ಟರ್. ತನಗೆ ತಾನೇ ಇಟ್ಟುಕೊಂಡ ಬಿರುದು ದೇವರ ಸೈನ್ಯದ ಮಾರ್ಷಲ್. ಹಿಂದೆ 1203ರಲ್ಲಿ ನಾರ್ಮಂಡಿಯ ವೋದ್ರೈ ಕೋಟೆ ಕಾಯುವ ಕೆಲಸ ಇವನದೇ ಆಗಿತ್ತು. ಫ್ರೆಂಚರು ಬಂದರು, ಇವನು ಕತ್ತಿ ಎತ್ತದೆ ಬೀಗದ ಕೈ ಕೊಟ್ಟ. ಈಗ ದೇವರ ಸೈನ್ಯ ಅಂತ ಹೊರಟ. ಜಾನ್ ಏನು ಕಮ್ಮಿಯೇ? 1213ರಲ್ಲೇ ಇಡೀ ಇಂಗ್ಲೆಂಡನ್ನು ಪೋಪ್‌ಗೆ ಬರೆದುಕೊಟ್ಟು, ವರ್ಷಕ್ಕೆ ಸಾವಿರ ಮಾರ್ಕ್ ಕೊಡುವ ಕರಾರಿನ ಮೇಲೆ ತನ್ನ ರಾಜ್ಯಕ್ಕೆ ತಾನೇ ಒಕ್ಕಲಾಗಿದ್ದ. 1215ರ ಮಾರ್ಚ್‌ನಲ್ಲಿ ಧರ್ಮಯುದ್ಧಕ್ಕೆ ಹೋಗುತ್ತೇನೆ ಅಂತ ಹರಕೆಯನ್ನೂ ಹೊತ್ತ. ಹರಕೆ ಹೊತ್ತವನ ಮೈ ಮುಟ್ಟಿದರೆ ಚರ್ಚಿನ ಶಾಪ. ದೇವರು ಯಾವ ಕಡೆ ಅನ್ನುವುದು ದೇವರಿಗೇ ಗೊತ್ತಾಗದ ಸ್ಥಿತಿ.

ಮೇ 17, ಭಾನುವಾರ, ಜನ ಚರ್ಚಿನಲ್ಲಿರುವಾಗ ದೇವರ ಸೈನ್ಯ ಲಂಡನ್ನಿಗೆ ನುಗ್ಗಿತು. ಮೊದಲ ಕೆಲಸ ಯಹೂದಿಗಳ ಮನೆಗಳ ಲೂಟಿ. ಮನೆ ಕೆಡವಿ, ಆ ಕಲ್ಲಿನಲ್ಲೇ ಊರಿನ ಗೋಡೆ ರಿಪೇರಿ ಮಾಡಿಸಿದರು. ಸ್ವಾತಂತ್ರ್ಯಕ್ಕೆ ಅಡಿಪಾಯ ಹಾಕುವುದು ಅಂದರೆ ಹೀಗೆ.

ಜೂನ್ 15ಕ್ಕೆ ಥೇಮ್ಸ್ ನದಿ ಪಕ್ಕದ ರನ್ನಿಮೀಡ್ ಹುಲ್ಲುಗಾವಲಿನಲ್ಲಿ ಮ್ಯಾಗ್ನಾ ಕಾರ್ಟಾಗೆ, ಅಂದರೆ ರಾಜನ ಅಧಿಕಾರಕ್ಕೆ ಕಡಿವಾಣ ಹಾಕುವ ಒಪ್ಪಂದಪತ್ರಕ್ಕೆ, ರಾಜನ ಮುದ್ರೆ ಬಿತ್ತು. ಒಳ್ಳೆಯ ಮಾತುಗಳು ಅದರಲ್ಲಿವೆ, ಇಲ್ಲ ಅನ್ನುವುದಿಲ್ಲ. ವಿಚಾರಣೆ ಇಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಹಿಡಿದು ಹಾಕುವಂತಿಲ್ಲ ಅನ್ನುವ ಸಾಲಿಗೆ ನಾನೂ ಕೈ ಮುಗಿಯುತ್ತೇನೆ. ಆದರೆ ಆಗ ಹೊಲದಲ್ಲಿ ದುಡಿಯುತ್ತಿದ್ದ ಬಹಳಷ್ಟು ಜನ ಸ್ವತಂತ್ರರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಇನ್ನು ಥೇಮ್ಸ್‌ನಲ್ಲಿ ಮೀನು ಹಿಡಿಯಲು ಹಾಕಿದ ಕಟ್ಟೆಗಳನ್ನು ತೆಗೆಯಬೇಕು, ಬಟ್ಟೆಯ ಅಗಲ ಇಷ್ಟೇ ಇರಬೇಕು ಅಂತೆಲ್ಲ ಇದೆ. ಆಸ್ತಿ ಬಿಡಿಸಿಕೊಳ್ಳುವ ದರ ನೂರು ಪೌಂಡ್ ಅನ್ನುವುದು ಎರಡನೇ ಕಲಮಿನಲ್ಲೇ ಬಂದುಬಿಟ್ಟಿದೆ. ಸ್ವಾತಂತ್ರ್ಯದ ಸರದಿ ಬರುವುದು 39ಕ್ಕೆ.

ನಿಜವಾದ ರತ್ನ ಇರುವುದು 61ನೇ ಕಲಮಿನಲ್ಲಿ. ಬ್ಯಾರನ್‌ಗಳೇ ಆರಿಸಿದ 25 ಜನರ ಒಂದು ಸಮಿತಿ. ರಾಜ ಮಾತು ತಪ್ಪಿದರೆ ನಾಲ್ವರು ಹೋಗಿ ದೂರು ಕೊಡಬೇಕು. ನಲವತ್ತು ದಿನದಲ್ಲಿ ಸರಿಮಾಡದಿದ್ದರೆ ಸಮಿತಿಯವರು ರಾಜನ ಕೋಟೆ, ಜಮೀನು, ಆಸ್ತಿ ಏನು ಬೇಕಾದರೂ ಕಿತ್ತುಕೊಳ್ಳಬಹುದು. ರಾಜ, ರಾಣಿ, ಮಕ್ಕಳ ಮೈ ಮುಟ್ಟಬಾರದು, ಅಷ್ಟೇ. ಎಲ್ಲ ಸರಿಹೋದ ಮೇಲೆ ಮೊದಲಿನಂತೆ ವಿಧೇಯರಾಗಿರಬೇಕಂತೆ. ಅಂದರೆ ದಂಗೆ ಏಳಲು ರಾಜನ ಕೈಯಲ್ಲೇ ಲೈಸೆನ್ಸ್ ಬರೆಸಿಕೊಂಡರು. ಸಮಿತಿಯಲ್ಲಿ ಯಾರಿದ್ದರು? ಬೀಗದ ಕೈ ಕೊಟ್ಟ ಫಿಟ್ಸ್‌ವಾಲ್ಟರ್, ಕಂತು ಬಾಕಿ ಇದ್ದ ಮ್ಯಾಂಡೆವಿಲ್. ಸಾಲಗಾರರೇ ಸೇರಿ ಸಾಲ ಕೊಟ್ಟವನ ಮೇಲೆ ತನಿಖೆ ನಡೆಸುವ ಏರ್ಪಾಡು.

ಒಪ್ಪಂದದ ಮಸಿ ಒಣಗುವ ಮೊದಲೇ ಸಮಿತಿಗೆ ಒಂದು ಗಂಭೀರ ವಿಷಯ ಬಂತು. ಸ್ಟ್ಯಾಮ್‌ಫರ್ಡಿನಲ್ಲಿ ಇಟ್ಟುಕೊಂಡಿದ್ದ ಕುದುರೆ ಕಾಳಗದ, ಅಂದರೆ ಯೋಧರು ಕುದುರೆ ಏರಿ ಕಾದಾಡುವ ಪಂದ್ಯವನ್ನು ಲಂಡನ್ ಹತ್ತಿರಕ್ಕೆ ತರಬೇಕು, ಲಂಡನ್ ಬಿಟ್ಟು ಹೋದರೆ ಅದು ಕೈತಪ್ಪುವ ಭಯ. ಫಿಟ್ಸ್‌ವಾಲ್ಟರ್ ತನ್ನ ಸಂಗಡಿಗ ವಿಲಿಯಂ ದೋಬಿನಿಗೆ ಪತ್ರ ಬರೆದ. ಗೆದ್ದವರಿಗೆ ಬಹುಮಾನ ಒಂದು ಕರಡಿ, ಅದನ್ನು ಒಬ್ಬ ಮಹಿಳೆ ಕಳಿಸಿಕೊಡುತ್ತಾಳೆ ಅಂತ. ಕರಡಿ ಬಂತೋ, ಯಾರ ಮನೆ ಸೇರಿತೋ ತಿಳಿಯದು. ಅದಕ್ಕೆ ಸಮಿತಿ ರಚಿಸಲಿಲ್ಲ.

ಆಗಸ್ಟ್ 24ಕ್ಕೆ ಪೋಪ್ ಮೂರನೇ ಇನ್ನೊಸೆಂಟ್ ಒಪ್ಪಂದವನ್ನೇ ರದ್ದು ಮಾಡಿದ. ಒಕ್ಕಲಿನವನು ತನ್ನನ್ನು ಕೇಳದೆ ಕರಾರು ಮಾಡಿಕೊಂಡರೆ ಜಮೀನಿನ ಯಜಮಾನ ಸುಮ್ನಿರುತ್ತಾನಾ? ಮತ್ತೆ ಯುದ್ಧ. ಅಕ್ಟೋಬರಿನಲ್ಲಿ ರಾಜ ರೋಚೆಸ್ಟರ್ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಸಿಕ್ಕಿಬಿದ್ದವನು ಕರಡಿ ಪತ್ರದ ಅದೇ ದೋಬಿನಿ. ಅವನನ್ನು ಬಿಡಿಸಲು ಫಿಟ್ಸ್‌ವಾಲ್ಟರ್ ಲಂಡನ್ನಿನಿಂದ ಹೊರಟು, ಅರ್ಧ ದಾರಿಯಲ್ಲಿ ಡಾರ್ಟ್‌ಫರ್ಡ್‌ನಿಂದಲೇ ವಾಪಸಾದ. ದಕ್ಷಿಣದ ತಂಗಾಳಿ ಮುಖಕ್ಕೆ ಬಡಿದಿದ್ದಕ್ಕೇ ಓಡಿಬಂದರು, ಆಮೇಲೆ ಪಗಡೆ ಆಡುತ್ತಾ ಒಳ್ಳೆಯ ವೈನ್ ಕುಡಿಯುತ್ತಾ ಕೂತರು ಅಂತ ಆ ಕಾಲದ ಒಬ್ಬ ಸನ್ಯಾಸಿ ಹಲ್ಲು ಕಡಿಯುತ್ತಾ ಬರೆದಿದ್ದಾನೆ. ಅಲ್ಲಿ ಕೋಟೆಯವರು ಕುದುರೆ ಕೊಂದು ತಿನ್ನುತ್ತಿದ್ದರು.

ನವೆಂಬರ್ 25ರಂದು ರಾಜನಿಂದ ಒಂದು ಆದೇಶ ಹೊರಟಿತು. ನಲವತ್ತು ಕೊಬ್ಬಿದ ಹಂದಿಗಳನ್ನು ಬೇಗ ಕಳಿಸಿ, ತಿನ್ನಲು ಅಷ್ಟೇನೂ ಚೆನ್ನಾಗಿರದಂಥವು ಸಾಕು. ಕೋಟೆಯ ಗೋಪುರದ ಬುಡ ಕೊರೆದು, ಮರದ ಆಸರೆ ಕೊಟ್ಟು, ಹಂದಿ ಕೊಬ್ಬಿನಿಂದ ಬೆಂಕಿ ಹಚ್ಚಿ ಗೋಪುರದ ಒಂದು ಮೂಲೆಯನ್ನೇ ಉರುಳಿಸಿದರು. ಜೀವಮಾನವಿಡೀ ವಸೂಲಿ ಮಾಡಿದವನು, ಉರಿಸುವುದಕ್ಕೆ ಒಳ್ಳೇ ಹಂದಿ ಬೇಡ ಅಂತ ಉಳಿತಾಯ ನೋಡಿದ. ಲೆಕ್ಕ ಅಂದರೆ ಲೆಕ್ಕ.

ಮುಂದಿನದು ಬೇಗ ಮುಗಿಯುತ್ತದೆ. ಇಂಗ್ಲೆಂಡಿನ ಸ್ವಾತಂತ್ರ್ಯ ಉಳಿಸಲು ಬ್ಯಾರನ್‌ಗಳು ಫ್ರಾನ್ಸಿನ ರಾಜನ ಮಗ ಲೂಯಿಯನ್ನು ಕರೆಸಿದರು. ಯುದ್ಧದ ನಡುವೆಯೂ ಪಂದ್ಯ ಬಿಡಲಿಲ್ಲ. ಮ್ಯಾಂಡೆವಿಲ್ ಸತ್ತದ್ದು ರಣರಂಗದಲ್ಲಲ್ಲ, ಲಂಡನ್ನಿನ ಕುದುರೆ ಕಾಳಗದಲ್ಲಿ, ಸಹಾಯಕ್ಕೆ ಬಂದ ಫ್ರೆಂಚನೊಬ್ಬನ ಪೆಟ್ಟಿಗೆ. ಕೋಳಿ ಕೊಡಬೇಕಾದವಳ ಗಂಡ ಹ್ಯೂ ಕೂಡ 1216ರಲ್ಲಿ ಲೂಯಿ ಕಡೆ ಹಾರಿದ. ಅಕ್ಟೋಬರಿನಲ್ಲಿ ಜಾನ್ ಸತ್ತ. ಒಂಬತ್ತು ವರ್ಷದ ಮಗನಿಗೆ ಪಟ್ಟ ಕಟ್ಟಿದರು. ನವೆಂಬರಿನಲ್ಲಿ ಮ್ಯಾಗ್ನಾ ಕಾರ್ಟಾವನ್ನು ಹೊಸದಾಗಿ ಹೊರಡಿಸುವಾಗ, ಆ 61ನೇ ಕಲಮನ್ನು ಸದ್ದಿಲ್ಲದೆ ಎತ್ತಿ ಹಾಕಿದರು. ಆಮೇಲೆ ಅದು ಯಾವ ಕಾನೂನಿಗೂ ವಾಪಸ್ ಬರಲಿಲ್ಲ.

ಆದರೂ ಸಾಯಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಇಂಗ್ಲೆಂಡಿನ ಕೆಲವು ಅಂಗಡಿಯವರು, ಕಟಿಂಗ್ ಶಾಪಿನವರು ಬಾಗಿಲಿಗೆ ಚೀಟಿ ಅಂಟಿಸಿದರು. 61ನೇ ಕಲಮಿನ ಪ್ರಕಾರ ಸರ್ಕಾರದ ನಿಯಮ ನಮಗೆ ಅನ್ವಯಿಸದು ಅಂತ. ಆ 25 ಜನರಲ್ಲಿ ಕಟಿಂಗ್ ಶಾಪಿನವರು ಯಾರೂ ಇರಲಿಲ್ಲ ಅಂತ ಯಾರಾದರೂ ಹೇಳಬಹುದಿತ್ತು. ದಂಡ ಬಿತ್ತು. 2021ರ ಆಗಸ್ಟ್‌ನಲ್ಲಿ ಒಂದು ಗುಂಪು ಇನ್ನೂ ಮುಂದೆ ಹೋಗಿ, ಅದೇ ಕಲಮಿನ ಹೆಸರಿನಲ್ಲಿ ಎಡಿನ್‌ಬರೋ ಕೋಟೆಗೆ ನುಗ್ಗಿ, ಇದು ಇನ್ನು ಜನರದ್ದು ಅಂತ ಸಾರಿತು.

ಎಡಿನ್‌ಬರೋ ಇರುವುದು ಸ್ಕಾಟ್ಲೆಂಡಿನಲ್ಲಿ. 1215ರಲ್ಲಿ ಅದು ಬೇರೆಯದೇ ದೇಶ, ಅಲ್ಲಿ ಅಲೆಕ್ಸಾಂಡರ್ ಅನ್ನುವ ಬೇರೆಯದೇ ರಾಜ. ಆ 25 ಜನರ ಸಮಿತಿ ಅವನ ಕೋಟೆ ಕಿತ್ತುಕೊಳ್ಳುವುದಿರಲಿ, ಇಂಗ್ಲೆಂಡಿನ ಉತ್ತರದ ಮೂರು ಜಿಲ್ಲೆಗಳನ್ನೇ ಅವನಿಗೆ ಸೇರಬೇಕು ಅಂತ ತೀರ್ಪು ಕೊಟ್ಟಿತ್ತು. 61ನೇ ಕಲಮು ಇನ್ನೂ ಜಾರಿಯಲ್ಲಿದೆ ಅನ್ನುವುದಾದರೆ, ಎಡಿನ್‌ಬರೋಗೇ ಮೂರು ಜಿಲ್ಲೆ ಬಾಕಿ ಬರಬೇಕು.